ಸೀಜನ್ನಿಗೆ ಇನ್ನೂ ಹದಿನೆಂಟು ದಿನ

ಮಳಿ ಹೊಳವಾದ ಕೂಡಲೆ ಬಂದ್ಬಿಡ್ತಾರ
ನನ್ನ ಇಸ್ತ್ರಿ ಮೇಜಿನ ಸುತ್ತ, ತಗಡಿನ ಕೆಳಗ.
ವಾಸ್ಕೋದ ಗುಡ್ಡ. ಎದುರಿಗೆ ಕಾಲೇಜಿನ ಗೇಟು,
ಗೇಟಿನಾಚೆ ಮೈದಾನ.
ಮೈದಾನದಾಗ ಈಗ ಹುಲ್ಲಿಲ್ಲ, ಗೀಟಿಲ್ಲ, ನೀರೈತಿ,
ಎರಡು ಕೊಕ್ಕರೆ, ಯಾರದೋ ಒಂದು ಎಮ್ಮಿ.
ಚೌತಿ ಮುಗಿದ ಮ್ಯಾಲ ಮೊದಲ ಮ್ಯಾಚು.
ಹದಿನೆಂಟು ದಿನ, ಅಂತಾನ ಕಾಯ್ತಾನ್,
ಮಗಳು ಹಡಿಯೋ ದಿನ ಎಣಿಸಿದಂಗ.

ಕಾಯ್ತಾನ್ ಬಂದರಿನಾಗ ಕ್ರೇನ್ ನಡಿಸಿದಾಂವ.
ಈ ಕಾಲೇಜಿಗೆ ಒಂದು ದಿನಾನೂ ಕಲಿಯಾಕ ಹೋದಾಂವಲ್ಲ.
ನಾವ್ಯಾರೂ ಹೋದವರಲ್ಲ.
ಆದ್ರೂ ನಮ್ಮ ಟೀಮು ಅಂತೀವಿ,
ಇಲ್ಲೀತನಕ ಯಾರೂ ಫೀ ರಸೀದಿ ಕೇಳಿಲ್ಲ.

'ಈ ಸಲ ಡಿಫೆನ್ಸು ಗಟ್ಟಿ.'
'ಹೋದ ಸಲಾನೂ ಹಂಗ ಅಂದಿದ್ದಿ' ಅಂತಾಳ ಪ್ರೆಸಿಲ್ಲಾ,
ಮೀನಿನ ಬುಟ್ಟಿ ಕೆಳಗಿಟ್ಟು, ಸೊಂಟದ ಮ್ಯಾಲ ಕೈಯಿಟ್ಟು.
ಆಕಿ ಆಸೀನೂ ಬಂಗಡಾ ತೂಗಿದಂಗ ತೂಗ್ತಾಳ,
ನೀರು ಬಸಿದು, ಐಸು ತಗದು:
'ಸ್ಟ್ರೈಕರ್ ಖಾನಾಪುರದ ಹುಡುಗ. ಎಡಗಾಲು ಚಲೋ ಐತಿ.
ಬಲಗಾಲಿಗೆ ನಾ ದರಾನ ಹೇಳಂಗಿಲ್ಲ.'

ಕಂಡಕ್ಟರ್ ಶಾಣು ಬಸ್ಸಿನಾಗಿಂದ ಸುದ್ದಿ ತರ್ತಾನ.
ಮಡಗಾಂವಿನವರು ಹೊಸ ಕೋಚ್ ತಂದಾರಂತ,
ಮಾಪುಸಾದವರು ಮಳಿಯಾಗೂ ನಸಿಕಿನ ಐದಕ್ಕ ಓಡ್ತಾರಂತ,
ಅವರ ಗೋಲ್‌ಕೀಪರ್ ಆರಡಿ ಮೂರಿಂಚು ಅದಾನಂತ.
ಅಂತಂತ ಎಲ್ಲಾ ಮುಗದ ಮ್ಯಾಲ
ತಿಕೀಟಿನ ಬೆನ್ನಿಗೆ ಲೆಕ್ಕ ಬರೀತಾನ:
ಗೆದ್ದರ ಮೂರು, ಸಮ ಆದ್ರ ಒಂದು.
ಕೂಡಿಸ್ತಾನ, ತಿದ್ದತಾನ, ಮತ್ತ ಕೂಡಿಸ್ತಾನ,
ಹೆಂಗೋ ಮಾಡಿ ಸೆಮಿಫೈನಲ್ ಮುಟ್ಟಿಸ್ತಾನ.
ಅಲ್ಲಿ ಪೆನ್ನು ನಿಂದರ್ತೈತಿ.
ಎಲ್ಲಾರೂ ನನ್ನ ಕಡೆ ನೋಡದಂಗ ನೋಡ್ತಾರ.

ಯಾಕಂದ್ರ ಹೋದ ವರ್ಷ
(ಯಾರರ ಹೇಳಬೇಕಲ್ಲ, ನಾನ ಹೇಳ್ತೀನಿ)
ಸೆಮಿಫೈನಲ್ಲಿನ ಹಿಂದಿನ ರಾತ್ರಿ
ಹದಿನೈದು ಜೆರ್ಸಿ ಒಣಗಿರಲಿಲ್ಲ.
ಬಂದರಿನ ಕಲ್ಲಿದ್ದಲ ಧೂಳು ಕುಂತು
ಎರಡೆರಡು ಸಲ ಒಗದಿದ್ದೆ.
ಇಸ್ತ್ರಿ ಪೆಟ್ಟಿಗಿಯೊಳಗ ಕೆಂಡ ಜಾಸ್ತಿ ಆಗಿತ್ತು.
ಏಳನೇ ನಂಬರಿನ ತಲಿ ಕರಗಿ
ಪೆಟ್ಟಿಗಿ ಜೋಡಿ ಎದ್ದು ಬಂತು.
ಬೆನ್ನ ಮ್ಯಾಲ ಉಳದದ್ದು ಒಂದು ಓರೆ ಗೀಟು.
ಆ ಅಂಗಿ ಹಾಕ್ಕೊಂಡಾಂವ ಕಡೀ ಪೆನಾಲ್ಟಿ ಹೊಡದ.
ಬಾಲು ಕಂಬ ದಾಟಿ, ಗ್ವಾಡಿ ದಾಟಿ,
ಪಾದ್ರಿಯವರ ಬಾವಿಗೆ ಹೋಗಿ ಬಿತ್ತು.

ಯಾರೂ ಬೈಲಿಲ್ಲ. ಅದ ಬ್ಯಾನಿ.
ಪ್ರೆಸಿಲ್ಲಾ ಮಾತ್ರ ಒಂದು ತಿಂಗಳು
ನನಗ ಮೆತ್ತಗಾದ ಮೀನ ಕೊಟ್ಟಳು.

ಈ ಸಲ ಗೋಲ್‌ಕೀಪರ್ ಹೊಸಬ, ಝುವಾರಿನಗರದ ಯಮನೂರ.
ಅವರಪ್ಪ ನಮ್ಮ ಕಡೆಯಾಂವ, ಟೈಲ್ಸ್ ಹಚ್ಚೋ ಕೆಲಸ.
ಮೊನ್ನೆ ಹಳೇ ಕೀಪರನ ಅಂಗಿ ಹಿಡಕೊಂಡು ಬಂದಿದ್ದ.
'ದೊಡ್ಡವ್ವಾ, ತೋಳು ಉದ್ದ ಅದಾವ, ಎರಡು ಟಾಕು ಹಾಕಿಕೊಡು.'
ಟಾಕು ಹಾಕೂವಾಗ ಅವನ ಕೈ ನೋಡಿದೆ.
ಅಂಗೈ ಅಂದ್ರ ಉಸುಕಿನ ಕಾಗದ, ಉಗರಿನ ಸಂದ್ಯಾಗ ಸಿಮೆಂಟು.
ಈ ಕೈಯಾಗಿಂದ ಚೆಂಡು ಜಾರಂಗಿಲ್ಲ ಅನಿಸ್ತು.
ಅನಿಸಿದ್ದನ್ನ ಇವರ ಮುಂದ ಹೇಳಿಲ್ಲ.
ತನ್ನ ಊರ ಹುಡುಗ ಅಂತ
ತಕ್ಕಡಿ ಒತ್ತಿ ಹಿಡದಾಳ ಅಂದಾರು.

'ಏನಂತಿ, ದ್ಯಾಮಾಬಾಯ್? ಎಷ್ಟನೇದಕ್ಕ ಬರ್ತೀವಿ?'
ಕೆಂಡದ ಮ್ಯಾಲಿನ ಬೂದಿ ಊದಿದೆ.
'ಆರನೇದು' ಅಂದೆ. ಇರೋವು ಎಂಟು ಟೀಮು.
ಕಾಯ್ತಾನನ ಮಾರಿ ಸಣ್ಣ ಆತು.
ಶಾಣು ತಿಕೀಟು ಮುದ್ದಿ ಮಾಡಿ ಕಿಸೆಯಾಗ ತುರುಕಿದ.
ಪ್ರೆಸಿಲ್ಲಾ ಬುಟ್ಟಿ ಎತ್ತಿಕೊಂಡು,
ಹೋಗೂವಾಗ ನನ್ನ ಕಣ್ಣು ಒಂದು ಗಳಿಗಿ ನೋಡಿದಳು,
ಕಿವಿರು ಎತ್ತಿ ನೋಡಿದಂಗ.

ಮೇಜಿನ ಕೆಳಗ ಬಿಸ್ಕೀಟಿನ ಡಬ್ಬಿಯಾಗ
ಅರ್ಧ ಮೀಟರ್ ಮಲಮಲ್ ಅರಿವಿ ಐತಿ,
ನಂಬರಿನ ಮ್ಯಾಲ ಹಾಸಿ ಇಸ್ತ್ರಿ ಮಾಡಾಕ.
ನಿನ್ನೆ ತಂದದ್ದು, ನಲವತ್ತು ರೂಪಾಯಿ.
ಲೀಗಿಗೆ ಹಳೇ ಧೋತರದ ತುಂಡು ಸಾಕು.
ಇದು ಫೈನಲ್ಲಿನ ರಾತ್ರಿಗೆ.

ಮತ್ತ ಮಳಿ ಹಿಡೀತು.
ಎಮ್ಮಿ ಈಗ ಪೆನಾಲ್ಟಿ ಹೊಡಿಯೋ ಜಾಗಾದಾಗ ನಿಂತೈತಿ.
ಗೋಲಿನ ಕಡೆ ಮಾರಿ ಮಾಡೈತಿ.
ಅವಸರ ಇದ್ದಂಗಿಲ್ಲ.