ಹೆಬ್ಬೆಟ್ಟು

ಮಷಿನ್ನು ಒಪ್ಪಲಿಲ್ಲ.
ಇನ್ನೊಮ್ಮೆ ಇಡಮ್ಮ, ಅಂದ ಬ್ಯಾಂಕಿನ ಹುಡುಗ.
ಒರೆಸಿ ಇಡು. ಒತ್ತಿ ಇಡು. ಎಡಗೈದು ಇಡು.
ಸೆರಗಿಗೆ ಒರೆಸಿದೆ, ಎಂಜಲು ಸವರಿದೆ,
ಹತ್ತು ಬೆರಳೂ ಸರದಿಯಲ್ಲಿ ಹೋಗಿ ಬಂದವು.
ಹತ್ತಕ್ಕೂ ಕೆಂಪು ದೀಪ.

ರಾತ್ರಿ ಶಾಲೆಯಲ್ಲಿ ಎರಡು ವರ್ಷ ಕೂತು
ಆಂಜಿನಮ್ಮ ಅಂತ ಬರೆಯಲು ಕಲಿತವಳು ನಾನು.
ಜಿ ಬೇಗ ಬಂತು,
ಮ್ಮ-ದ ಒತ್ತು ಮೂರು ತಿಂಗಳು ಸತಾಯಿಸಿತು.
ಹೆಬ್ಬೆಟ್ಟು ಅನ್ನಿಸಿಕೊಳ್ಳಬಾರದು ಅಂತಲೇ ಅಷ್ಟೆಲ್ಲ.
ಈಗ ನೋಡಿದರೆ ಸಹಿ ಸಾಲದಂತೆ,
ಹೆಬ್ಬೆಟ್ಟೇ ಬೇಕಂತೆ.

ಎಲ್ಲಿಂದ ತರಲಿ?
ಇಪ್ಪತ್ತೆರಡು ವರ್ಷ ಶಿಡ್ಲಘಟ್ಟದಲ್ಲಿ
ಬೇರೆಯವರ ಬೇಸಿನ್ನಿನ ಮುಂದೆ ಕೂತು
ಕುದಿಯುವ ನೀರಲ್ಲಿ ಗೂಡು ತಿರುವಿ ತಿರುವಿ
ಎಂಟು ಎಳೆ ಸೇರಿಸಿ ಒಂದು ನೂಲು ಮಾಡಿದ ಬೆರಳು ಇವು.
ಎಳೆಯ ಜೊತೆ ನನ್ನ ಗೆರೆಯೂ ಬಿಚ್ಚಿಕೊಂಡು ಹೋಗಿದೆ.
ಯಾವ ಊರಿನ ಯಾವ ಧಾರೆಸೀರೆಯಲ್ಲಿ
ಮಡಿಕೆ ಹಾಕಿಸಿಕೊಂಡು ಬೀರುವಿನಲ್ಲಿ ಕೂತಿದೆಯೋ,
ಹೋಗಿ ಅಲ್ಲಿ ಒತ್ತಿ ನೋಡಪ್ಪ
ಅನ್ನಬೇಕು ಅನ್ನಿಸಿತು. ಅನ್ನಲಿಲ್ಲ.
ಸಾಲ ಬೇಕಿತ್ತು.

ಸಾವ್ಕಾರರ ಮಕ್ಕಳಿಗೆ ಹುಳದ ವಾಸನೆ ಆಗುವುದಿಲ್ಲ.
ಆರು ಬೇಸಿನ್ನು, ಒಂದು ಬಾಯ್ಲರು ಮಾರಾಟಕ್ಕಿತ್ತು.
ಶಮ್ಷಾದು ಕಿವಿಯೋಲೆ ಬಿಚ್ಚಿ ಮುಂದಿಟ್ಟಳು.
ನಿಗಮದಿಂದ ಅರ್ಧ, ಬ್ಯಾಂಕಿನಿಂದ ಅರ್ಧ.
ಜಾಮೀನು ಏನಮ್ಮ, ಅಂದರು ಮ್ಯಾನೇಜರು.
ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು ಸ್ವಾಮಿ,
ಎಷ್ಟು ನೂಲು ಬರುತ್ತೆ ಹೇಳ್ತೀನಿ, ಅಂದೆ.
ಅದಕ್ಕೆ ಫಾರಮ್ಮಿನಲ್ಲಿ ಜಾಗ ಇರಲಿಲ್ಲ.

ಐದನೇ ಸಲ ಹೋದಾಗ
ಹುಡುಗ ಬೇರೆ ಮಷಿನ್ನು ತಂದಿದ್ದ, ಕಣ್ಣಿನದು.
ರೆಪ್ಪೆ ಬಡಿಯಬೇಡಮ್ಮ, ಅಂದ.
ಬಡಿಯುವುದೇ?
ಹಬೆಯಲ್ಲಿ, ಹೊಗೆಯಲ್ಲಿ
ಕೂದಲಿಗಿಂತ ಸಣ್ಣ ತುದಿ ಹುಡುಕಿದ ಕಣ್ಣಪ್ಪ.
ಹಸಿರು ದೀಪ.

ಮಾರುಕಟ್ಟೆಗೆ ಮೊದಲೂ ಹೋಗಿದ್ದೆ,
ಕಸ ಗುಡಿಸಲು, ಮೂಟೆ ಹೊರಲು.
ಕಾಲೋನಿಯವಳು ಹರಾಜು ಕೂಗ್ತಾಳಂತೆ,
ಯಾರೋ ಬೀಡಿ ಆರಿಸುತ್ತಾ ಅಂದರು.
ಈಗ ಕೂಗುವುದೇನೂ ಇಲ್ಲ, ಫೋನಿನಲ್ಲಿ ಒತ್ತುವುದು.
ಆ ಫೋನೂ ನನ್ನ ಬೆರಳನ್ನು ಗುರುತು ಹಿಡಿಯಬೇಕಲ್ಲ!
ಎರಡು ಒಳ್ಳೆಯ ಲಾಟು ಕಣ್ಣೆದುರೇ ಹೋದವು.
ಮೂರನೆಯದಕ್ಕೆ ಬೆರಳು ಮಡಚಿ
ಬಾಗಿಲು ತಟ್ಟಿದ ಹಾಗೆ ಗೆಣ್ಣಿನಿಂದ ತಟ್ಟಿದೆ.
ತೆರೆಯಿತು.

ಗೆದ್ದೆ ಅಂತ ಕುಣಿಯಬೇಡಿ.
ಆ ಲಾಟಿನ ಅಡಿಯಲ್ಲೆಲ್ಲ ಹಸಿ ಗೂಡು,
ಮೇಲಿನವನ್ನಷ್ಟೇ ಕಿವಿಗೆ ಹಿಡಿದಿದ್ದೆ.
ಒಂಬೈನೂರು ರೂಪಾಯಿ ಮಣ್ಣು.
ಶಮ್ಷಾದು ಆ ರಾತ್ರಿ ಮಾತಾಡಲಿಲ್ಲ,
ಬೆಳಿಗ್ಗೆ ಒಲೆ ಮಾತ್ರ ನನಗಿಂತ ಮೊದಲೇ ಹಚ್ಚಿದ್ದಳು.

ಹದಿನಾಲ್ಕು ಕಂತು ಕಟ್ಟಿದ್ದೇವೆ.
ಈಗ ನಾವೂ ಸಂಬಳ ಕೊಡುವವರು.
ಸುಗುಣ ಅಂತ ಹುಡುಗಿ, ಹತ್ತೊಂಬತ್ತು ವರ್ಷ,
ಪಿಯುಸಿ ಪಾಸು, ಸಹಿ ಮುತ್ತಿನ ಹಾಗೆ.
ಆದರೂ ತಿಂಗಳ ಕೊನೆಗೆ ಪುಸ್ತಕದಲ್ಲಿ
ಸಹಿಯ ಪಕ್ಕ ಹೆಬ್ಬೆಟ್ಟೂ ಒತ್ತಿಸುತ್ತೇನೆ.
ಯಾಕಕ್ಕಾ, ನಂಬಿಕೆ ಇಲ್ವಾ? ಅಂತಾಳೆ.
ಶಮ್ಷಾದು ಲಾಭದ ಲೆಕ್ಕ ನೋಡುವಾಗ
ನಾನು ಆಷಾಢದ್ದು ಶ್ರಾವಣದ್ದು ಪಕ್ಕಪಕ್ಕ ಇಟ್ಟು
ಬಾಗಿಲ ಬೆಳಕಿಗೆ ಹಿಡಿಯುತ್ತೇನೆ.
ಗೆರೆ ಮಾಸಿದರೆ ಅವಳನ್ನು ಬಿಸಿನೀರಿನಿಂದ ಎಬ್ಬಿಸಿ
ರಾಟೆಯ ಕಡೆ ಕೂರಿಸಬೇಕು.
ದಿನಕ್ಕೆ ಕಾಲು ಕೇಜಿ ನೂಲು ಕಮ್ಮಿಯಾಗುತ್ತೆ,
ಕಂತಿನ ತಾರೀಕು ಮಾತ್ರ ಮುಂದೆ ಹೋಗುವುದಿಲ್ಲ.

ಈ ತಿಂಗಳದ್ದರಲ್ಲಿ ನಡುವೆ ಒಂದು ಕಡೆ
ಬರೀ ನುಣುಪು.
ಇಂಕು ಕಮ್ಮಿಯಾಯಿತೋ ಏನೋ.
ಇನ್ನೊಮ್ಮೆ ಇಡಮ್ಮ, ಅಂದೆ.