ಹದಿನಾಲ್ಕು ಸುತ್ತು

ಎಂಟು ದಿನಕ್ಕೊಮ್ಮೆ ನೀರು, ಮಂಗಳವಾರ ನಸುಕಿಗೆ.
ಟೊಮೆಟೊ ಲಾರಿಗಳು ಮಂಡಿ ಕಡೆ ಹೊರಳುವ ಹೊತ್ತಲ್ಲಿ
ಸೈಕಲ್ಲಿಗೆ ಬೀಗದ ಕೈ ಬಿಗಿದುಕೊಂಡು ಬರುತ್ತೇನೆ.
ಬೀಗದ ಕೈ ಅಂದರೆ ಎದೆಮಟ್ಟದ ಕಬ್ಬಿಣ,
ತಲೆಗೊಂದು ಅಡ್ಡಪಟ್ಟಿ.

ಕಂಬಳಿ ಪೇಟೆ ಮುಗಿದು ಬಾಗವಾನ್ ಮೊಹಲ್ಲಾ ಶುರುವಾಗುವಲ್ಲಿ
ನೆಲದಲ್ಲೊಂದು ಚೌಕ ಗುಂಡಿ, ಒಳಗೆ ಎರಡು ವಾಲ್ವು.
ಎಡದ್ದಕ್ಕೆ ಹದಿನಾಲ್ಕು ಸುತ್ತು, ಬಲದ್ದಕ್ಕೆ ಹದಿನಾಲ್ಕು.
ಈ ಕಡೆ ಒಂದು ಹೆಚ್ಚಾದರೆ
ಆ ಕಡೆ ಬಿಂದಿಗೆಗಳು ಮಾತಾಡುತ್ತವೆ
ಕನ್ನಡದಲ್ಲಿ, ತೆಲುಗಲ್ಲಿ, ಉರ್ದುವಲ್ಲಿ, ಮೂಲೆಮನೆಯಿಂದ ತಮಿಳಲ್ಲಿ.
ನಮ್ಮ ಕೋಲಾರದಲ್ಲಿ ನೀರಿಗೆ ನಾಲ್ಕು ಹೆಸರು,
ನೀರು ಬಿಡುವವನಿಗೆ ನಲವತ್ತು.

ನಮ್ಮಜ್ಜ ಕೆರೆಯ ನೀರುಗಂಟಿ.
ತೂಬಿನ ಮೇಲೆ ಕೂತು
ಇಡೀ ಊರ ಗದ್ದೆಗೆ ಅಳೆದು ಬಿಟ್ಟವನು,
ಸುಗ್ಗಿಗೆ ಕಣದಂಚಲ್ಲಿ ನಿಂತು ಮೊರದಷ್ಟು ಭತ್ತ ತಂದವನು.
ಊರ ಬಾವಿಗೆ ಮಾತ್ರ ಅವನ ಹಗ್ಗ ಇಳಿಯುವಂತಿರಲಿಲ್ಲ.
ಇದನ್ನು ಸಿಟ್ಟಿಗೆ ಹೇಳುತ್ತಿಲ್ಲ.
ಸ್ವಲ್ಪ ಸಿಟ್ಟಿಗೂ ಹೇಳುತ್ತಿದ್ದೇನೆ.

ಆ ಸೋಮವಾರ ಸಂಜೆ
ಯಾವ ಬಾವುಟ ಯಾವ ಕಂಬಕ್ಕೆ ಅಂತ ಶುರುವಾಯಿತಂತೆ.
ನಾನು ಕಂಡದ್ದು ಮುಗಿದ ಮೇಲಿನದು:
ಇಟ್ಟಿಗೆ ಚೂರು, ಒಂಟಿ ಚಪ್ಪಲಿ,
ಗಂಗುಲಪ್ಪನ ಇಸ್ತ್ರಿ ಗಾಡಿ ಮಗುಚಿ
ಚರಂಡಿಯಲ್ಲಿ ಚುರುಗುಡುತ್ತಿದ್ದ ಕೆಂಡ.
ರಾತ್ರಿ ಜೀಪು ಮೈಕಿನಲ್ಲಿ ಕೂಗುತ್ತ ಹೋಯಿತು,
ಯಾರೂ ಹೊರಗೆ ಬರಕೂಡದು.

ನಾನು ಬರಲಿಲ್ಲ.
ಬೀಗದ ಕೈ ಬಾಗಿಲ ಹಿಂದೆ ಒರಗಿತ್ತು.
ನಾಲ್ಕೂವರೆ ಆಯಿತು, ಐದಾಯಿತು,
ಶತಶೃಂಗದ ಬಂಡೆಗಳ ಹಿಂದೆ ಬೆಳಗಾಯಿತು.
ಮಲಗಿಕೊಂಡೇ ಇದ್ದೆ, ಎಚ್ಚರವಾಗಿ.

ಬುಧವಾರ ಓಡಾಡಲು ಬಿಟ್ಟರು. ಹೋದೆ.
ಎರಡೂ ಬೀದಿಯ ಹೊಸಿಲು ತೊಳೆದಿತ್ತು.
ಡ್ರಮ್ಮುಗಳು ತುಂಬಿದ್ದವು.
ಗುಂಡಿಯ ಮುಚ್ಚಳ ಎತ್ತಿದೆ:
ಸ್ಪಿಂಡಲಿನ ಮೇಲೆ ಹಾರೆ ಉಜ್ಜಿದ ಹೊಳಪು.
ಬಿಟ್ಟವರಿಗೆ ಮುಚ್ಚಲು ಹೊತ್ತು ಸಿಕ್ಕಿರಲಿಲ್ಲ.
ಮುಚ್ಚುತ್ತ ಎಣಿಸಿದೆ.
ಎಡದ್ದು ಹದಿನಾಲ್ಕು.
ಕೈ ಸ್ವಲ್ಪ ನಡುಗಿತು, ನಿಜ.
ಬಲದ್ದು ಹದಿನಾಲ್ಕು.

ಕೀಲಿಯಿಲ್ಲದೆ ಅದು ಒಬ್ಬರಿಗೆ ಜಗ್ಗುವುದಲ್ಲ.
ಹಾರೆಯ ಆ ತುದಿಗೊಬ್ಬರು, ಈ ತುದಿಗೊಬ್ಬರು ಬೇಕು,
ಇಬ್ಬರೂ ಎದುರುಬದುರು ದಿಕ್ಕಿಗೆ ತಳ್ಳಬೇಕು,
ಆಗಲೇ ಅದು ತಿರುಗುವುದು.
ಕತ್ತಲಲ್ಲಿ ಯಾವ ಭಾಷೆಯಲ್ಲಿ ಎಣಿಸಿದರೋ.

ಕೈಗಳನ್ನೇ ನೋಡುತ್ತ ನಡೆದೆ.
ನೂರುನ್ನೀಸಾ ಹಾಲಿನ ಪಾಕೀಟು ಕೊಟ್ಟು ಅಂಗೈ ಮಡಿಸಿಕೊಂಡಳು.
ಆಟೊ ಸನಾವುಲ್ಲಾ ಜೇಬಿಂದ ಕೈ ತೆಗೆಯಲೇ ಇಲ್ಲ.
ಗಂಗುಲಪ್ಪ ಹೊಸ ಕೆಂಡ ಊದುತ್ತ ತಾನೇ ಹೇಳಿದ,
'ಬೊಬ್ಬೆ ಕಣಯ್ಯ, ಇಸ್ತ್ರಿ ಪೆಟ್ಟಿಗೆದು.'
ಹೂಂ ಅಂದೆ.
ಇಸ್ತ್ರಿ ಪೆಟ್ಟಿಗೆ ಉಗುರ ಸಂದಿಗೆ ತುಕ್ಕು ತುಂಬುವುದಿಲ್ಲ
ಅನ್ನಲಿಲ್ಲ.

ಕಚೇರಿಯ ಪುಸ್ತಕದಲ್ಲೊಂದು ಕಾಲಂ ಇದೆ, 'ನೀರು ಬಿಟ್ಟವರು'.
ಇಪ್ಪತ್ತಾರು ವರ್ಷ ನನ್ನ ಹೆಸರೇ ಬರೆದಿದ್ದೆ.
ಅವತ್ತು 'ಊರು' ಅಂತ ಬರೆದೆ.
ಇಂಜಿನಿಯರು ಕೆಂಪು ಗೆರೆ ಎಳೆದು
ಒಂದು ದಿನದ ಸಂಬಳ ಹಿಡಿದರು.
ಹಿಡಿಯಲಿ. ನಾನು ಬಂದಿರಲಿಲ್ಲವಲ್ಲ.

ಇಷ್ಟಕ್ಕೇ ಎಲ್ಲ ನೆಟ್ಟಗಾಯಿತು ಅನ್ನಬೇಡಿ.
ಕಂಬದ ಕೆಳಗೆ ಪೊಲೀಸು ಕುರ್ಚಿ ಹಾಕಿಕೊಂಡೇ ಇದ್ದಾನೆ.
ಮದುವೆ ಕಾಗದಗಳು ರಸ್ತೆ ದಾಟುತ್ತಿಲ್ಲ.
ಮೊನ್ನೆ ಮತ್ತೆ ಅರ್ಧ ಸುತ್ತಿಗೆ ನನ್ನನ್ನು ಬೈದರು,
ಎರಡೂ ಕಡೆಯವರು, ಬಾಯ್ತುಂಬ.

ನಾನು ಮಾಡಿದ್ದು ಇಷ್ಟೇ:
ಅರ್ಧ ಕೆಜಿ ಗ್ರೀಸು ತಂದು ಎರಡಕ್ಕೂ ಮೆತ್ತಿದೆ.
ಗುಂಡಿಗೆ ಹಾಕು ಅಂತ ಇಂಜಿನಿಯರು ಕೊಟ್ಟ ಹೊಸ ಬೀಗ
ಜೇಬಲ್ಲೇ ಇದೆ,
ಅಂಗಡಿಯ ದಾರ ಕೂಡ ಬಿಚ್ಚಿಲ್ಲ.