ಪೆಂದಾಳ ನಾಲ್ಕು ಮುಖ

ಸೆನೆಗಲ್ ನದಿಯ ದಂಡೆಯ ಸ್ಟುಡಿಯೋದಲ್ಲಿ
ಗೋರ್ಗಿ ಮೂರು ರಾತ್ರಿ ತಿದ್ದಿದ ಮುಖ:
ಅವನ ಪರದೆಯಲ್ಲಿ ಎಣ್ಣೆಗಪ್ಪು,
ಕೆನ್ನೆಯಂಚಿಗೆ ತುಸು ತಾಮ್ರ.

ಮಗಳ ಫೋನಿನಲ್ಲಿ ಅದೇ ಮುಖ
ಅರಿಸಿನ ಮೆತ್ತಿದ ಹಾಗೆ.
ಅಳಿಯನ ಲ್ಯಾಪ್‌ಟಾಪಿನಲ್ಲಿ ನೀಲಿ, ಚಳಿ ಹಿಡಿದವಳು.
ಅಲ್ಲೇ ಇನ್ನೊಂದು ತಂತ್ರಾಂಶ ತೆರೆದರೆ
ಬೂದಿ.

"ಅಂಕಿಗಳು ಅವೇ ತಾಯೀ, ಒಂದೂ ಬದಲಾಗಿಲ್ಲ.
ಓದುವವರು ಬೇರೆ.
ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಪ್ಪು"
ಎಂದ, ಬೆವರೊರೆಸಿಕೊಂಡು.

ಮೀನಿನ ಹುರುಪೆ ಅಂಟಿದ ಕೈ ಒರೆಸುತ್ತ
ಪೆಂದಾ ನಾಲ್ಕನ್ನೂ ನೋಡಿದಳು, ಸಾವಕಾಶ.

"ಬಣ್ಣ ಬಿಡು. ಬೆಳಗ್ಗೆ ನೀರಿನ ಮೇಲೆ
ನಾನೂ ಹೀಗೇ, ಗಳಿಗೆಗೊಂದು.
ಹುಬ್ಬಿನ ಮೇಲಿತ್ತಲ್ಲ ಗಾಯದ ಗೆರೆ,
ನನ್ನ ಗಂಡನ ದೋಣಿಯ ಹಗ್ಗ ಬಡಿದದ್ದು,
ಅದು ನಾಲ್ಕರಲ್ಲೂ ಇಲ್ಲ.
ಎಲ್ಲಿಟ್ಟೆ ಅದನ್ನ?"